ಕಾಮಾಲೆ ಆಗಿತ್ತೇ ಎಂದು ಕೇಳಿದಾಗ

ಹೊಟ್ಟೆಯ ಬಲಗಡೆ ನೋವೆಂದು ನನ್ನ ಗಂಡನನ್ನು ಕೂಡ್ಲಿಗಿಯ ಡಾಕ್ಟರ ಬಳಿ ಕರೆದೊಯ್ದಿದ್ದೆ. "ಹಿಂದ ಯಾವಾಗರ ಕಾಮಾಲಿ ಆಗಿತ್ತೇನ್ರಿ?" ಎಂದು ಡಾಕ್ಟರು ಕೇಳಿದರು. ನನ್ನವರು ಬಾಯಿ ತೆರೆಯುವ ಮೊದಲೇ ನಾನು "ಇಲ್ರಿ" ಎಂದೆ.

ಆಗಿತ್ತು. ಮದುವೆಯಾದ ಎರಡನೇ ವರ್ಷ ಚಿಗಟೇರಿ ಕಡೆಯ ಹಳ್ಳಿಯೊಂದರಲ್ಲಿ ಸೊಪ್ಪಿನ ರಸ ಕುಡಿಸಿ, ತಿಂಗಳಿಡೀ ಉಪ್ಪು, ಎಣ್ಣೆ ಇಲ್ಲದ ಅಡುಗೆ ಮಾಡಿ ಹಾಕಿದ್ದೆ. "ನಾಕ್ ದಿನ ನೀನೂ ಇದನ್ನ ಉಂಡ್ ನೋಡು, ಗೊತ್ತಾಗತೈತಿ" ಎಂದು ನನ್ನವರು ರೇಗಿಸುತ್ತಿದ್ದರು. ಕಣ್ಣು ಬೆಳ್ಳಗಾದ ದಿನ ಕಾಯಿಲೆ ಹೋಯಿತೆಂದುಕೊಂಡೆವು. ಹೋದದ್ದನ್ನು ಡಾಕ್ಟರಿಗೆ ಯಾಕೆ ಹೇಳಬೇಕು ಅನ್ನಿಸಿತ್ತು.

ಕೂಡ್ಲಿಗಿಯಲ್ಲಿ ಕೊಟ್ಟ ಮಾತ್ರೆಗೆ ನೋವು ಹೋಗದೆ, ಐದು ತಿಂಗಳ ನಂತರ ದಾವಣಗೆರೆಗೆ ಹೋದಾಗ ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡಿ ಹೆಪಟೈಟಿಸ್ ಬಿ ಎಂದರು. ಕಣ್ಣಿನ ಹಳದಿ ಹೋದರೂ ವೈರಸ್ ಲಿವರಿನಲ್ಲೇ ಉಳಿದು, ವರ್ಷಗಟ್ಟಲೆ ಅದನ್ನು ಕೆಡಿಸಿ, ಈಗ ಕ್ಯಾನ್ಸರ್ ಆಗಿದೆ ಎಂದು ತಿಳಿಸಿದರು.

"ಅವತ್ತು ನಾನು ಇಲ್ಲ ಅಂದಿದ್ದೆ" ಎಂದು ಬಸ್ಸಿನಲ್ಲಿ ನನ್ನವರಿಗೆ ಹೇಳಿದೆ.

"ನಾನೂ ಸುಮ್ನ ಕುಂತಿದ್ನಲ್ಲ" ಎಂದರು.

ಅವರು ತೀರಿಕೊಂಡ ಮೇಲೆ, ಇದು ಮನೆಯವರಿಗೂ ಅಂಟಿರಬಹುದೆಂದು ನನಗೂ ಮಗಳಿಗೂ ಪರೀಕ್ಷೆ ಮಾಡಿದರು. ಇಬ್ಬರಿಗೂ ಸೋಂಕು ಇರಲಿಲ್ಲ. ಅಲ್ಲೇ ಲಸಿಕೆ ಹಾಕಿದರು. ಮಗಳು ತೋಳು ಒತ್ತಿ ಹಿಡಿದುಕೊಂಡಳು. ನನಗೆ ಸೂಜಿ ಚುಚ್ಚಿದ್ದೇ ತಿಳಿಯಲಿಲ್ಲ.