ಝಾಡಿಸಿ ತೆರೆದ ಚಾಕು

ಟಕ್.

ಒಣಕಡ್ಡಿ ಮುರಿದಷ್ಟೇ ಸದ್ದು. ಸಂಡೇ ಬೆಳಗ್ಗೆ ಬಾಗಿಲಾಚೆ ಅದು ಕೇಳಿಸಿದರೆ ಟಿಕೋಟಾದಿಂದ ತಮ್ಮ ಬಂದ ಎಂದು ಅರ್ಥ. ಮೆಟ್ಟಿಲ ಮೇಲೆ ಕೂತು, ಜೇಬಿನಿಂದ ಮಡಿಚುವ ಚಾಕು ತೆಗೆದು ಮಣಿಕಟ್ಟನ್ನು ಒಮ್ಮೆ ಝಾಡಿಸುತ್ತಿದ್ದ. ಅಲಗು ಹಾರಿ ಹೊರಬಂದು ನಿಲ್ಲುತ್ತಿತ್ತು.

"ಬೆಲ್ ಐತಲ್ಲೋ, ಒತ್ತಾಕ ಏನ್ ರೋಗ?"

"ಕರೆಂಟ್ ಇದ್ರ ಅದು ಒದರ್ತದ. ಇದಕ್ಕ ಏನೂ ಬೇಕಾಗಿಲ್ಲ ಬೇ."

ವಿಜಯಪುರದ ಈ ಎರಡು ಕೋಣೆಯ ಮನೆಗೆ ಬರುತ್ತಿದ್ದವನು ಅವನೊಬ್ಬನೇ. ನಾನು ಮದುವೆಯಾಗದೆ, ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ಅವನು ಹೆಂಡತಿ ತೀರಿಕೊಂಡ ಮೇಲೆ ದ್ರಾಕ್ಷಿ ತೋಟದಲ್ಲಿ ಒಂಟಿಯಾಗಿ ಉಳಿದವನು. ವಾರವೆಲ್ಲ ನನ್ನ ಜೊತೆ ಮಾತಾಡುತ್ತಿದ್ದುದು ರೇಡಿಯೋ ಮಾತ್ರ. ಹಾಗಾಗಿ ಕೂಡಿಟ್ಟ ಮಾತೆಲ್ಲ ಅವನನ್ನು ಕಂಡೊಡನೆ ಗದರಿಕೆಯಾಗಿ ಹೊರಬರುತ್ತಿತ್ತು. ಗದರಲು ಆ ಚಾಕು ಒಳ್ಳೆಯ ಸಬ್ಜೆಕ್ಟ್.

"ಹಂಗ ಝಾಡಿಸಬ್ಯಾಡೋ. ಒಂದೊಂದ್ ಸಲಾನೂ ಅಲಗು ಹೋಗಿ ಬುಡದಾಗಿನ ಸಣ್ಣ ಮೊಳಿಗೆ ಬಡೀತದ. ಸವದು ಹೋಗ್ತದ. ಕಾಮನ್ ಸೆನ್ಸ್."

"ಬಳ್ಳಿ ಬಗ್ಗಿಸಿ ಹಿಡದಾಗ ಒಂದ ಕೈ ಖಾಲಿ ಇರ್ತದ್ರಿ ಅಕ್ಕೋರ. ಸುತಳಿ ಕೊಯ್ಯಾಕ ಇನ್ನೊಂದ್ ಕೈ ನೀವು ಬಂದು ಕೊಡ್ತೀರೇನು?"

ವಾದಕ್ಕೆ ಬಿದ್ದರೆ ನಾನು ಅವನಿಗೆ ಅಕ್ಕನಲ್ಲ, ಸಾಲಿಯಲ್ಲಿ ಪಾಠ ಹೇಳುವ ಅಕ್ಕೋರು.

ಸವೆತ ನಿಧಾನಕ್ಕೆ ಬಂತು. ಮೊದಲು ಅಲಗು ಸಡಿಲ ಹಲ್ಲಿನ ಹಾಗೆ ಅತ್ತಿತ್ತ ಆಡಿತು. ಆಮೇಲೆ ಲಾಕ್ ಒಮ್ಮೆ ಹಿಡಿದರೆ ಇನ್ನೊಮ್ಮೆ ಇಲ್ಲ. ಒಂದು ಸಂಡೇ ಪೇರಲ ಹೆಚ್ಚುತ್ತಿದ್ದಾಗ ಅಲಗು ತಾನಾಗಿ ಮಡಿಚಿಕೊಂಡು ಅವನ ತೋರುಬೆರಳಿನೊಳಗೆ ಇಳಿಯಿತು. ಅರಿಶಿನ ಒತ್ತಿ ಬಟ್ಟೆ ಕಟ್ಟಿದೆ. 'ಐ ಟೋಲ್ಡ್ ಯೂ' ಅನ್ನುವ ಬದಲು "ಇದನ್ನ ಬಿಗಿ ಮಾಡಿಸಿದ ಮ್ಯಾಲೇ ಈ ಮನಿಗೆ ಬಾ" ಎಂದೆ.

ಅವನು ಮಾತು ಹಿಡಿದರೆ ಬಿಡುವವನಲ್ಲ. ಬರಲೇ ಇಲ್ಲ. ಸಂಡೇ ಮೇಲೆ ಸಂಡೇ ಎರಡು ಲೋಟ ಚಹಾ ಮಾಡಿ ಒಂದನ್ನು ಆರಲು ಬಿಟ್ಟೆ. ಕಡೆಗೆ ಫೋನ್ ಮಾಡಿದೆ.

"ಬಬಲೇಶ್ವರದ ಕಂಬಾರನ ಹಂತೇಕ ಕೊಟ್ಟೀನಿ. ಅವ ಜ್ವರ ಬಂದು ಮಲಗ್ಯಾನ. ಬಿಗಿ ಆಗದ ಹೆಂಗ ಬರ್ಲಿ? ನೀನಽ ಹೇಳೀಯಲ್ಲ."

"ನಾ ದಾರಿ ಕಾಯೋದು ಚಾಕೂಂದಲ್ಲೋ."

ನಕ್ಕ. ಆದರೂ ಬರಲಿಲ್ಲ.

ಮುಂದೊಂದು ಸಂಡೇ ಬೆಲ್ ಆಯಿತು. ಗ್ಯಾಸಿನವನಿರಬೇಕೆಂದು ಬಾಗಿಲು ತೆರೆದರೆ ಅವನು. ಕಂಬಾರ ಮೊಳೆಯನ್ನು ಎಷ್ಟು ಬಿಗಿದಿದ್ದನೆಂದರೆ ಝಾಡಿಸಿದರೆ ಅಲಗು ಮಿಸುಕುತ್ತಿರಲಿಲ್ಲ. ಅಲಗಿನ ಮೇಲಿನ ಗೀರಿಗೆ ಉಗುರು ಸಿಕ್ಕಿಸಿ ಎಳೆಯಬೇಕು. ಗಾಯ ಮಾದರೂ ಸೆಟೆದೇ ಉಳಿದ ಬೆರಳಿಗೆ ಅದು ಆಗುತ್ತಿರಲಿಲ್ಲ. ಚಾಕುವನ್ನು ಮೆಟ್ಟಿಲ ಮೇಲಿಟ್ಟ. ನಮ್ಮಲ್ಲಿ ಚಾಕು ಕೈಯಿಂದ ಕೈಗೆ ಕೊಡುವುದಿಲ್ಲ, ಜಗಳವಾಗುತ್ತದೆಂದು. ಕೆಳಗಿಟ್ಟದ್ದನ್ನು ನಾನೆತ್ತಿಕೊಂಡು, ತೆರೆದು, ಮತ್ತೆ ಕೆಳಗಿಟ್ಟೆ. ಅವನೆತ್ತಿಕೊಂಡು ಪೇರಲ ಹೆಚ್ಚಿದ. ಅಂದಿನಿಂದ ಪ್ರತಿ ಸಂಡೇ ಹಾಗೆಯೇ. ಅಲಗು ಒಂದಿಷ್ಟೂ ಅಲುಗಾಡುತ್ತಿರಲಿಲ್ಲ. ಆದರೆ ಬಾಗಿಲಾಚೆಯ ಟಕ್ ನಿಂತಿತ್ತು. ಬೆಲ್ ಯಾರು ಬಂದರೂ ಆಗುತ್ತದೆ. ಅದು ಆದೊಡನೆ ಎದ್ದು ಓಡಲು ಮನಸ್ಸು ಬರುತ್ತಿರಲಿಲ್ಲ.

ಕಡೆಯ ಸಂಡೇ ಅವನು ಚಾಕು ಬಿಟ್ಟು ಎದ್ದ.

"ಚಾಕು ಮರತ್ಯೋ."

"ಇಲ್ಲೇ ಇರ್ಲಿ ಅಕ್ಕಾ. ತ್ವಾಟದಾಗ ಅದನ್ನ ತಗದು ಇಡಾವ್ರು ಯಾರ ಅದಾರ?"

ಎಂದೂ ಹೋಗದವಳು ಅಂದು ಬಸ್ ಸ್ಟ್ಯಾಂಡಿನವರೆಗೆ ಹೋದೆ. ಆ ವಾರವೇ ಒಂದು ರಾತ್ರಿ ಮಲಗಿದವನು ಮತ್ತೆ ಏಳಲಿಲ್ಲ. ಆಮೇಲೆ ಟಿಕೋಟಾಕ್ಕೆ ಹೋಗಿ ಕಂಡದ್ದನ್ನು ನಾನು ಅವನನ್ನು ಕಂಡದ್ದೆಂದು ಹಿಡಿಯುವುದಿಲ್ಲ. ಕಡೆಯ ಸಲ ಕಂಡದ್ದು ಅಂದು ಬಸ್ಸಿನ ಕಿಟಕಿಯಲ್ಲಿ. ಬಸ್ ಹೊರಟಾಗ ಕೈ ಎತ್ತಿದ. ಬೈ ಅನ್ನುತ್ತಾನೆಂದು ನಾನೂ ಎತ್ತಿದೆ. ಅವನು ಖಾಲಿ ಕೈಯ ಮಣಿಕಟ್ಟನ್ನು ಒಮ್ಮೆ ಝಾಡಿಸಿ, ನಾನು ಗದರುತ್ತೇನೋ ಎಂದು ನೋಡಿದ.