ಬರೆದವರ ಮನಸ್ಸಿನಲ್ಲಿ ಯಾರಿದ್ದರು

ಸೂಲಿಬೆಲೆಯ ನಮ್ಮ ಮನೆಯಲ್ಲಿ ಪಿತೃಪಕ್ಷದ ಸಂಜೆ ಜಗಳ ಆಗಲೇಬೇಕು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ನಡುಮನೆಯಲ್ಲಿ ಎಡೆ ಇಟ್ಟು, ಬಾಗಿಲು ಮುಚ್ಚಿ, ಅವರು ಬಂದು ಉಂಡು ಹೋಗುವ ತನಕ ನಾವು ಜಗುಲಿಯಲ್ಲಿ ಕಾಯುತ್ತೇವೆ. ಒಳಗಿನವರಿಗೆ ತೊಂದರೆಯಾಗದ ಹಾಗೆ ಪಿಸುದನಿಯಲ್ಲೇ ನಾನೂ ಅಪ್ಪನೂ ಕಿತ್ತಾಡುತ್ತಿದ್ದೆವು. ಪ್ರತಿವರ್ಷ ವಿಷಯ ಒಂದೇ: ಸಂವಿಧಾನ ಬರೆದವರ ಮನಸ್ಸಿನಲ್ಲಿ ಏನಿತ್ತು?

ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು. ದಿನಾ ಬೆಳಿಗ್ಗೆ ಮಕ್ಕಳ ಕೈಲಿ ಪೀಠಿಕೆ ಓದಿಸುತ್ತೇನೆ, ಓದಿಸುವಾಗಲೆಲ್ಲ ಅನುಮಾನಪಡುತ್ತೇನೆ. ಬರೆದವರಲ್ಲಿ ಬಹಳಷ್ಟು ಜನ ದೊಡ್ಡ ಮನೆಯ ಗಂಡಸರು. ಹಗಲೆಲ್ಲ ಸಮಾನತೆ ಅಂತ ಬರೆದು, ಮನೆಗೆ ಹೋಗಿ ಹೆಂಡತಿ ಬಡಿಸಲಿ ಅಂತ ಕೂತವರಿಗೆ ನನ್ನಂಥವಳ ನೆನಪು ಎಲ್ಲಿಂದ ಬರಬೇಕು ಅನ್ನುತ್ತಿದ್ದೆ. ಹಾಲಿನ ಡೈರಿಯ ಕಾರ್ಯದರ್ಶಿಯಾಗಿದ್ದ ಅಪ್ಪ ಅವರನ್ನು ಬಿಟ್ಟುಕೊಡುತ್ತಿರಲಿಲ್ಲ. ಹೆದರಿ ಬರೆದಿರಬಹುದು, ಹೆಸರಿಗಾಗಿ ಬರೆದಿರಬಹುದು, ನಂಬಿಯೂ ಬರೆದಿರಬಹುದು ಅನ್ನುತ್ತಿದ್ದ. ಕೊನೆಗೆ ಒಂದೇ ಮಾತು: "ಅವ್ರ ಮನ್ಸಲ್ಲಿ ಯಾರಾದ್ರೂ ಇರ್ಲಿ ಕಣಮ್ಮ, ಬರ್ದಿರೋದ್ರಲ್ಲಿ ನೀನಿದೀಯ."

ಇಷ್ಟು ಹೇಳುವ ಅಪ್ಪ ಎಡೆ ಇಡುವ ಕ್ರಮ ಕಲಿಸಿದ್ದು ಮಾತ್ರ ಚಿಕ್ಕಪ್ಪನ ಮಗನಿಗೆ. ನಾನು ಅಪ್ಪನ ಒಬ್ಬಳೇ ಮಗಳು. ಅಡುಗೆ ಮಾಡಿ ಹೊಸ್ತಿಲ ತನಕ ತಂದುಕೊಡುವುದಷ್ಟೇ ನನ್ನ ಪಾಲು. ಅದು ನನ್ನನ್ನು ಚುಚ್ಚುತ್ತಿತ್ತು. ಯಾಕಪ್ಪಾ ಹೀಗೆ ಅಂತ ಕೇಳುವ ಮೊದಲೇ ಅಪ್ಪ ಹೋಗಿಬಿಟ್ಟ.

ಈ ಸಲ ಅಪ್ಪನಿಗೇ ಎಡೆ. ನಾನೇ ಇಡುತ್ತೇನೆ ಅಂದೆ. ಗಂಡುಮಕ್ಕಳು ಇಟ್ಟರೇ ಹಿರಿಯರು ಮುಟ್ಟುವುದು, ನಿಮ್ಮಪ್ಪನ ಮನಸ್ಸಲ್ಲೂ ಅದೇ ಇದ್ದದ್ದು ಅಂದ ಚಿಕ್ಕಪ್ಪ.

"ಮನ್ಸಲ್ಲಿ ಏನಾದ್ರೂ ಇರ್ಲಿ ಚಿಕ್ಕಪ್ಪ. ಅಪ್ಪ ಬಾಯ್ಬಿಟ್ಟು ಹೇಳಿದ್ರಲ್ಲಿ ನಾನಿದೀನಿ."

ಅಷ್ಟು ಹೇಳಿ ಒಳಗೆ ಹೋದೆ. ಮುದ್ದೆ, ಕೋಳಿಸಾರು, ವಡೆ, ಅಪ್ಪನ ಸ್ಟೀಲ್ ಲೋಟದಲ್ಲಿ ಕಾಫಿ, ಪಕ್ಕದಲ್ಲಿ ಹೊಸ ಪಂಚೆ. ಎಲ್ಲ ಇಟ್ಟು, ಬಾಗಿಲು ಮುಚ್ಚಿ ಜಗುಲಿಗೆ ಬಂದು ಕೂತೆ.

ಗೆದ್ದ ಖುಷಿ ಸ್ವಲ್ಪ ಹೊತ್ತೂ ಉಳಿಯಲಿಲ್ಲ. ಅಪ್ಪ ಒಳಗೆ ಬಂದು ನಿಂತಿದ್ದಾನೆ, ಬಡಿಸಿದ್ದು ಯಾರು ಅಂತ ನೋಡುತ್ತಿದ್ದಾನೆ ಅನ್ನಿಸಿತು. ದೆವ್ವ ಭೂತ ಅಂದರೆ ನಗುವವಳು ನಾನು. ಆದರೂ ಅಪ್ಪ ಉಣ್ಣದೆ ಹೊರಟುಬಿಟ್ಟರೆ ಅನ್ನುವ ಭಯ ಬಿಡಲಿಲ್ಲ.

ಚಿಕ್ಕಪ್ಪ ಬಾಗಿಲು ತಟ್ಟಿ ತೆರೆದ. ಮುದ್ದೆಯ ಮೇಲೊಂದು ಸಣ್ಣ ಗುಳಿ ಇತ್ತು. ಅಣ್ಣ ಮುಟ್ಟಿದ್ದಾನೆ ಅಂತ ಅವನ ಕಣ್ಣು ತುಂಬಿತು. ಆ ಗುಳಿ ಮುದ್ದೆ ಇಡುವಾಗ ತಾಗಿದ ನನ್ನ ಬೆರಳಿನದು ಅಂತ ನನಗೆ ಗೊತ್ತಿತ್ತು. ನನ್ನ ಕಣ್ಣು ಹೋದದ್ದು ಕಾಫಿಯ ಮೇಲೆ. ಕೆನೆ ಕಟ್ಟಿ, ಇಟ್ಟ ಹಾಗೇ ಇತ್ತು. ಪ್ರಸಾದ ಅಂತ ಒಂದು ಗುಟುಕು ಕುಡಿದ ಚಿಕ್ಕಪ್ಪ ಮುಖ ಕಿವುಚಿದ.

"ಸಕ್ಕರೆ ಹಾಕಿಲ್ವೇನಮ್ಮ? ಸತ್ತೋರ್ಗೆ ಎಲ್ಲೀ ಶುಗರ್ರು?"

ಅಪ್ಪನಿಗೆ ಡಾಕ್ಟರು ಬೇಡ ಅಂದ ಮೇಲೆ ವರ್ಷಗಟ್ಟಲೆ ಸಕ್ಕರೆ ಇಲ್ಲದೆ ಕಾಫಿ ಮಾಡಿದ ಕೈ, ಇವತ್ತೂ ಹಾಗೇ ಮಾಡಿಬಿಟ್ಟಿತ್ತು. ಅಪ್ಪ ಮುಟ್ಟದೆ ಹೋದದ್ದು ಸಕ್ಕರೆ ಇಲ್ಲ ಅಂತಲೋ, ಇಟ್ಟವಳು ನಾನು ಅಂತಲೋ? ಅಪ್ಪನ ಮನಸ್ಸಿನಲ್ಲಿ ಏನಿತ್ತು ಅಂತ ವಾದ ಮಾಡುವುದಕ್ಕೆ ಅಪ್ಪನೇ ಇಲ್ಲ.

ಹೊಸದಾಗಿ ಕಾಫಿ ಮಾಡಿ, ಸಕ್ಕರೆ ಜಾಸ್ತಿಯೇ ಹಾಕಿ, ಎಡೆಯ ಮುಂದಿಟ್ಟು ಬಾಗಿಲು ಮತ್ತೆ ಮುಚ್ಚಿದೆ. ಎರಡನೇ ಸಲ ಮುಚ್ಚುವ ಕ್ರಮ ನಮ್ಮಲ್ಲಿಲ್ಲ. ಚಿಕ್ಕಪ್ಪ ಜಗುಲಿಗೆ ಬಂದು, ಅಪ್ಪ ಕೂರುತ್ತಿದ್ದ ಜಾಗ ಬಿಟ್ಟು, ನನ್ನ ಜೊತೆ ಕಾಯುತ್ತಾ ಕೂತ.