ಯಾಯೆಲ್‌ಳ ಶುಕ್ರವಾರ

ದೀಪ ಹಚ್ಚಿ ಕೈ ಮುಗಿಯುವವರನ್ನು ಬೇಕಾದಷ್ಟು ನೋಡಿದ್ದೇನೆ. ದೀಪ ಹಚ್ಚಿ ಎರಡೂ ಕೈಯಿಂದ ಮುಖ ಮುಚ್ಚಿಕೊಳ್ಳುವವಳನ್ನು ನೋಡಿದ್ದು ಅವಳೊಬ್ಬಳನ್ನೇ. ಪ್ರತಿ ಶುಕ್ರವಾರ ಹೊತ್ತು ಮುಳುಗುವ ಸ್ವಲ್ಪ ಮುಂಚೆ ನಮ್ಮ ಎದುರು ಮನೆಯ ಮಹಡಿ ಕಿಟಕಿಯಲ್ಲಿ ಎರಡು ಪುಟ್ಟ ದೀಪಗಳು ಕಾಣಿಸುತ್ತಿದ್ದವು. ಅವುಗಳ ಮುಂದೆ ಒಬ್ಬ ಎತ್ತರದ ಹೆಂಗಸು ತಲೆಯ ಮೇಲೆ ದುಪಟ್ಟಾ ಹೊದ್ದು, ಅಂಗೈಗಳಲ್ಲಿ ಮುಖ ಹುದುಗಿಸಿ ನಿಂತಿರುತ್ತಿದ್ದಳು. ಅಳುತ್ತಿದ್ದಾಳೆಂದೇ ನಾನು ತಿಳಿದುಕೊಂಡಿದ್ದೆ. ಬೇರೆಯವರ ಮನೆಯ ವಿಷಯದಲ್ಲಿ ಮೂಗು ತೂರಿಸುವುದು ನನ್ನ ಹುಟ್ಟುಗುಣವಾದ್ದರಿಂದ, ಮೂರನೆಯ ವಾರ ಅವಳ ಅತ್ತೆ ಪದ್ಮಾವತಮ್ಮನವರನ್ನು ಗೇಟಿನ ಹತ್ತಿರ ತಡೆದು ಕೇಳಿಯೇಬಿಟ್ಟೆ.

"ಅಳೋದೆಲ್ಲಿ ಬಂತು ಟೀಚರೇ? ಅದು ಅವರ ಕಡೆ ನಮಸ್ಕಾರ ಮಾಡೋ ರೀತಿ ಇರ್ಬೇಕು. ಯಾರೂ ಹೇಳ್ಕೊಟ್ಟಿಲ್ಲ ನೋಡಿ, ತಾನಾಗೇ ಶುಕ್ರವಾರ ಲಕ್ಷ್ಮಿಗೆ ದೀಪ ಹಚ್ತಾಳೆ. ಈಗಿನ ಕಾಲದ ನಮ್ಮ ಹುಡುಗೀರು ಯಾರು ಮಾಡ್ತಾರೆ ಹೇಳಿ?" ಎಂದರು. ಅವರ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು.

ಬನಶಂಕರಿ ಎರಡನೇ ಹಂತದ ನಮ್ಮ ಕ್ರಾಸಿನಲ್ಲಿ ಪದ್ಮಾವತಮ್ಮನವರದು ಮಡಿ, ವ್ರತ, ಏಕಾದಶಿ ಯಾವುದನ್ನೂ ಬಿಡದ ಮನೆ. ಅವರ ಮಗ ಸುಧೀಂದ್ರ ಕೃಷಿ ಸಂಶೋಧನೆಗೆಂದು ಇಸ್ರೇಲಿಗೆ ಹೋಗಿ ಮೂರು ವರ್ಷ ಟೊಮೆಟೊ ಗಿಡಗಳ ನಡುವೆ ಇದ್ದು, ಬರುವಾಗ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ಅವಳ ಹೆಸರು ಯಾಯೆಲ್, ಯಹೂದಿ. ಇಲ್ಲಿ ಇನ್ನೊಮ್ಮೆ ಶಾಸ್ತ್ರೋಕ್ತವಾಗಿ ಮದುವೆ ಮಾಡಿ, ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೊಸ ಹೆಸರು ಬರೆಸಿದರು. ಯಶೋದಾ ಎಂದಾಯಿತು. ಬೀದಿಯೆಲ್ಲ ಅವಳನ್ನು ಹಾಗೆಯೇ ಕರೆಯಿತು, ನಾನೂ ಕರೆದೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು, ಒಂಟಿಯಾಗಿ ಬೇರೆ ಇರುವವಳು ಎಂದು ಅವಳಿಗೆ ಕನ್ನಡ ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ದಿನಾ ಹನ್ನೊಂದು ಗಂಟೆಗೆ ಬರುತ್ತಿದ್ದಳು. ಚಪ್ಪಲಿಯನ್ನು ಬಾಗಿಲಲ್ಲಿ ಜೋಡಿಸಿ ಬಿಡುವಳು, ಕಾಫಿಗೆ ಸಕ್ಕರೆ ಬೇಡವೆನ್ನುವಳು, ಹೊಸ ಪದ ಸಿಕ್ಕರೆ ಕಡಲೆಯಂತೆ ಬಾಯಲ್ಲಿ ಜಗಿಯುವಳು. ಆರು ತಿಂಗಳಾದ ಮೇಲೆ ಒಂದು ದಿನ ಪೆನ್ನು ಕೆಳಗಿಟ್ಟು ಹೇಳಿದಳು: "ಟೀಚರ್, ಯಶೋದಾ ಒಳ್ಳೆ ಹೆಸರು. ಆದ್ರೆ ಯಾರಾದ್ರೂ ಕರೆದ್ರೆ ನಾನು ತಿರುಗಿ ನೋಡಲ್ಲ. ಬೇರೆ ಯಾರೋ ಬರ್ತಾರೆ ಅಂತ ಕಾಯ್ತೀನಿ." ಅಂದಿನಿಂದ ನನ್ನ ಮನೆಯೊಳಗೆ ಮಾತ್ರ ಅವಳು ಯಾಯೆಲ್ ಆದಳು. ಬೀದಿಗೆ ಇಳಿದರೆ ನನ್ನ ಬಾಯಲ್ಲೂ ಮತ್ತೆ ಯಶೋದಾ.

ದೀಪದ ಸಂಗತಿ ತಿಳಿದದ್ದೂ ಆಗಲೇ. ಅವಳ ಅಜ್ಜಿ ಬಾಗ್ದಾದಿನಲ್ಲಿ ಹುಟ್ಟಿದವಳು. ಊರು ಬಿಟ್ಟು ಹೊರಡಬೇಕಾಗಿ ಬಂದಾಗ ಬಟ್ಟೆಗಂಟಿನಲ್ಲಿ ಎರಡು ಹಿತ್ತಾಳೆ ಬಟ್ಟಲು ಸುತ್ತಿಟ್ಟುಕೊಂಡು ಬಂದಳಂತೆ. ಶುಕ್ರವಾರ ಸಂಜೆ ಅವುಗಳಿಗೆ ಎಣ್ಣೆ, ಬತ್ತಿ ಹಾಕಿ ಹಚ್ಚಿದರೆ ಅವರ ವಾರದ ವಿಶ್ರಾಂತಿಯ ದಿನ ಶುರುವಾಗುತ್ತದೆ. ಅಲ್ಲಿಂದ ಶನಿವಾರ ಸಂಜೆಯವರೆಗೆ ಒಲೆ ಹಚ್ಚುವಂತಿಲ್ಲ, ದುಡಿಯುವಂತಿಲ್ಲ.

ಶನಿವಾರ ಅವಳು ಒಲೆ ಮುಟ್ಟದಿರುವುದನ್ನು ನೋಡಿ ಪದ್ಮಾವತಮ್ಮ ಇನ್ನಷ್ಟು ಹಿಗ್ಗಿದ್ದರು. "ವೆಂಕಟರಮಣನ ಒಪ್ಪತ್ತು ಮಾಡ್ತಾಳೆ" ಎಂದು ಸಾರಿ, ರಾತ್ರಿ ಊಟಕ್ಕೆ ಬದಲು ಅವಲಕ್ಕಿ, ಬಾಳೆಹಣ್ಣು ಕೊಡತೊಡಗಿದರು. ಯಾಯೆಲ್ ನನ್ನ ಮುಂದೆ ಗೋಳಾಡಿಕೊಂಡಳು: "ನಮ್ಮಲ್ಲಿ ಶನಿವಾರ ಚೆನ್ನಾಗಿ ತಿನ್ನಬೇಕು ಟೀಚರ್! ಅದು ಹಬ್ಬ! ಇವರು ಅವಲಕ್ಕಿ ಕೊಟ್ಟು ತಲೆ ಸವರ್ತಾರೆ." ನಾನು ಬಿದ್ದು ಬಿದ್ದು ನಕ್ಕೆ. ಅವಳೂ ನಕ್ಕಳು, ಆಮೇಲೆ ನಗು ನಿಲ್ಲಿಸಿ ಹೇಳಿದಳು:

"ಅವರು ನನ್ನನ್ನ ತುಂಬಾ ಪ್ರೀತಿ ಮಾಡ್ತಾರೆ. ಆದ್ರೆ ಅದು ನಾನಲ್ಲ."

ಗಂಡನಿಗೆ ಹೇಳಬಾರದೇ ಎಂದೆ. ಹೇಳಿದ್ದಳಂತೆ. ಸುಧೀಂದ್ರ ಕೆಟ್ಟವನಲ್ಲ. ಹೆಂಡತಿಗೂ ಹೂಂ, ಅಮ್ಮನಿಗೂ ಹೂಂ ಎನ್ನುವ ಜಾತಿ. ಅವಳು ಅವನ ಹತ್ತಿರ ಕೇಳಿದ್ದೂ ದೊಡ್ಡದೇನಲ್ಲ: ಹೊರಗೆ ಹೋಗಿ ಮಾಡುವ ಒಂದು ಕೆಲಸ, ತನ್ನದೇ ಒಂದು ಅಡುಗೆಮನೆ, ತನ್ನ ದೀಪ ತನ್ನದೆಂದು ಎಲ್ಲರಿಗೂ ತಿಳಿದಿರುವುದು. ಅವಳ ಊರಿನಲ್ಲಿ ಅವಳು ಬ್ರೆಡ್ಡು ಬೇಯಿಸುವವಳಾಗಿದ್ದಳು. ಮೊಟ್ಟೆ ಒಳಗೆ ಬಾರದ ಈ ಮನೆಯಲ್ಲಿ ಅದಕ್ಕೂ ಅವಕಾಶವಿರಲಿಲ್ಲ. "ಸ್ವಲ್ಪ ದಿನ ಅಡ್ಜಸ್ಟ್ ಮಾಡ್ಕೋ" ಎಂದನಂತೆ ಅವನು.

ನಾನೇನು ಕಡಿಮೆ? "ಅವರೇನಾದ್ರೂ ಅಂದ್ಕೊಳ್ಳಲಿ ಬಿಡಮ್ಮ, ನಿನ್ನ ಪಾಡಿಗೆ ನೀನು ಹಚ್ಚು" ಎಂದೆ. ಅವಳು ತಲೆಯಾಡಿಸಿದಳು. "ಇಲ್ಲ ಟೀಚರ್. ನಂಗೆ ಒಂದು ವಾಕ್ಯ ಬೇಕು. ಅತ್ತೆಗೆ ನೋವಾಗದ ಹಾಗೆ, ಆದ್ರೆ ಸ್ಪಷ್ಟವಾಗಿ." ಇಬ್ಬರೂ ಕೂತು ವಾಕ್ಯ ಕಟ್ಟಿದೆವು. ಒಂದು ವಾರ ಅದನ್ನೇ ಅಭ್ಯಾಸ ಮಾಡಿದಳು.

ಆ ವಾಕ್ಯಕ್ಕೆ ಸಮಯ ಬಂದದ್ದು ವರಮಹಾಲಕ್ಷ್ಮಿ ಹಬ್ಬದ ಸಂಜೆ. ಅರಿಶಿನ ಕುಂಕುಮಕ್ಕೆ ಬೀದಿಯ ಹೆಂಗಸರೆಲ್ಲ ಸೇರಿದ್ದರು. ಸೀರೆ ಉಡಿಸಿದ ಕಲಶದ ಎಡಬಲಕ್ಕೆ ಯಾಯೆಲ್ ಅಜ್ಜಿಯ ಆ ಎರಡು ಹಿತ್ತಾಳೆ ಬಟ್ಟಲುಗಳಿದ್ದವು. ಪದ್ಮಾವತಮ್ಮ ಬೆಳಿಗ್ಗೆ ಮಹಡಿಯಿಂದ ತಂದು, ಹುಣಿಸೆಹಣ್ಣು ಹಾಕಿ ತಿಕ್ಕಿ ತೊಳೆದು, ಕುಂಕುಮವಿಟ್ಟು, ತಾವೇ ಹೊಸೆದ ಬತ್ತಿ ಹಾಕಿಟ್ಟಿದ್ದರು. ಅಷ್ಟೊಂದು ಅಕ್ಕರೆಯಿಂದ ಇನ್ನೊಬ್ಬರ ವಸ್ತುವನ್ನು ಕಿತ್ತುಕೊಳ್ಳಬಹುದೆಂದು ನನಗೆ ಅಂದೇ ಗೊತ್ತಾದದ್ದು.

"ಬಾಮ್ಮಾ ಯಶೋದಾ, ನಿನ್ನ ದೀಪ ನೀನೇ ಹಚ್ಚು. ಎಲ್ಲಾರೂ ನೋಡ್ಲಿ" ಎಂದು ಕರೆದರು.

ಯಾಯೆಲ್ ಮುಂದೆ ಬಂದಳು, ಬಟ್ಟಲುಗಳನ್ನು ನೋಡಿದಳು. ಆಮೇಲೆ ಅತ್ತೆಯ ಕೈ ಹಿಡಿದುಕೊಂಡು ನಿಧಾನವಾಗಿ ಹೇಳಿದಳು: "ಅತ್ತೆ, ಇದು ಲಕ್ಷ್ಮಿ ದೀಪ ಅಲ್ಲ. ಇದು ನನ್ನ ಅಜ್ಜಿ ದೀಪ, ನಮ್ಮ ದೇವರ ದೀಪ. ಇದನ್ನ ನಾನು ಇಲ್ಲಿ ಹಚ್ಚಕ್ಕಾಗಲ್ಲ. ನಿಮ್ಮ ಪೂಜೆ ಮೇಲೆ ನಂಗೆ ಗೌರವ ಇದೆ."

ಪದ್ಮಾವತಮ್ಮನವರ ಮುಖ ಕಪ್ಪಿಟ್ಟಿತು. ಅಲ್ಲಿದ್ದ ಅಷ್ಟು ಜನರಲ್ಲಿ ಅವರು ತಿರುಗಿದ್ದು ನನ್ನ ಕಡೆ. "ಏನ್ ಹೇಳ್ತಿದಾಳೆ ಟೀಚರೇ ಇವಳು?"

ನನ್ನ ಕೈಯಲ್ಲಿ ತಾಂಬೂಲದ ತಟ್ಟೆ ಇತ್ತು. ಹಬ್ಬದ ದಿನ, ತುಂಬಿದ ಮನೆ, ವಯಸ್ಸಾದ ಹೆಂಗಸಿನ ಮಾನ, ಎಲ್ಲವೂ ಒಟ್ಟಿಗೆ ತಲೆಗೆ ಬಂದವು. "ಬತ್ತಿ ಸರಿ ಕೂತಿಲ್ಲ ಅಂತಿದಾಳೆ ಅಷ್ಟೇ. ಕನ್ನಡ ಇನ್ನೂ ಹೊಸದು ನೋಡಿ" ಎಂದೆ.

ಹೆಂಗಸರೆಲ್ಲ ನಕ್ಕರು, ಉಸಿರು ಬಿಟ್ಟರು. ಯಾರೋ ಮುಂದೆ ಬಂದು ಬತ್ತಿ ಸರಿಮಾಡಿ ತಾವೇ ದೀಪ ಹಚ್ಚಿದರು. ಯಾಯೆಲ್ ನನ್ನನ್ನು ನೋಡಿದಳು. ಅವಳಲ್ಲಿ ಸಿಟ್ಟು ಕಂಡಿದ್ದರೆ ಚೆನ್ನಾಗಿತ್ತು. ನನ್ನ ಮನೆಗೆ ಬಂದ ಮೊದಲ ದಿನ, ಒಂದಕ್ಷರ ಕನ್ನಡ ಬಾರದೆ ನಿಂತಿದ್ದಾಗ ಹೇಗೆ ನೋಡಿದ್ದಳೋ ಹಾಗೆ ನೋಡಿದಳು. ಮಾರನೆಯ ದಿನದಿಂದ ಪಾಠಕ್ಕೆ ಬರಲಿಲ್ಲ. ಎರಡು ವಾರವಾದ ಮೇಲೆ ಬಟ್ಟಲುಗಳನ್ನು ದುಪಟ್ಟಾದಲ್ಲಿ ಸುತ್ತಿಕೊಂಡು, ಬಿಟಿಎಂ ಲೇಔಟಿನಲ್ಲಿ ಒಂದು ರೂಮು ಮಾಡಿಕೊಂಡು ಹೊರಟುಹೋದಳು.

ಧೈರ್ಯ ಮಾಡಿ ನಾನು ಅವಳನ್ನು ನೋಡಲು ಹೋದದ್ದು ದೀಪಾವಳಿ ಕಳೆದ ಮೇಲೆ, ಒಂದು ಶುಕ್ರವಾರ. ಪಿಜಿಗಳ ನಡುವಿನ ಕಟ್ಟಡದ ಮೂರನೆಯ ಮಹಡಿ. ಒಂದು ಮಂಚ, ಒಂದು ಓವನ್, ಒಂದು ಕಿಟಕಿ. ಹೋಟೆಲೊಂದಕ್ಕೆ ಬ್ರೆಡ್ಡು ಮಾಡಿಕೊಡುತ್ತಿದ್ದಳು. ಜಡೆಯಂತೆ ಹೆಣೆದ ಬ್ರೆಡ್ಡು ಮೇಜಿನ ಮೇಲೆ ಹೊಳೆಯುತ್ತಿತ್ತು. "ಇದಕ್ಕೆ ಮೊಟ್ಟೆ ಹಾಕಿದೀನಿ, ನೀವು ತಿನ್ನಲ್ಲ" ಎಂದು ನನಗೆ ಬಾಳೆಹಣ್ಣು ಕೊಟ್ಟಳು. ಸುಧೀಂದ್ರ ಭಾನುವಾರ ಬಂದು ಹೋಗುತ್ತಾನಂತೆ.

ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೇಳಿದಳು: "ಟೀಚರ್, ಅವತ್ತು ನಾನು ವಾಕ್ಯ ಸರಿಯಾಗಿ ಹೇಳಿದ್ನಾ?"

"ಒಂದು ತಪ್ಪೂ ಇರ್ಲಿಲ್ಲ ಕಣಮ್ಮ."

"ಎಲ್ಲರಿಗೂ ಅರ್ಥ ಆಗಿತ್ತಾ?"

"ಆಗಿತ್ತು."

ಹೊತ್ತು ಇಳಿಯುತ್ತಿತ್ತು. ಅವಳು ಎದ್ದು ಬಟ್ಟಲುಗಳಿಗೆ ಎಣ್ಣೆ ಹಾಕಿ ಹಚ್ಚಿ, ಮುಖ ಮುಚ್ಚಿಕೊಂಡು ಮೆಲ್ಲಗೆ ಏನೋ ಹೇಳಿದಳು. ಕೈ ತೆಗೆದಾಗ ಕೆಳಗೆ ಬಸ್ಸಿನ ಹಾರ್ನು ಬಿಟ್ಟರೆ ಬೇರೆ ಸದ್ದಿರಲಿಲ್ಲ. "ಈ ಪ್ರಾರ್ಥನೆ ಕೇಳಿದವರು ಆಮೆನ್ ಅನ್ನಬೇಕು, ಹೌದು, ಹಾಗೇ ಆಗಲಿ ಅಂತ" ಎಂದಳು. "ಅಜ್ಜಿ ಮನೇಲಿ ಹದಿನೈದು ಜನ ಅಂತಿದ್ವಿ. ಇಲ್ಲಿ ಯಾರೂ ಇಲ್ಲ." ನಾನು ಆಮೆನ್ ಎಂದೆ. ಅವಳು ನನ್ನ ಭುಜದ ಮೇಲೆ ಕೈಯಿಟ್ಟು, "ಉಚ್ಚಾರಣೆ ಚೆನ್ನಾಗಿದೆ" ಎಂದಳು. ನನ್ನ ಪಾಠದ ಕೊನೆಯಲ್ಲಿ ನಾನು ಹೇಳುತ್ತಿದ್ದ ಮಾತದು.

ಅದೇ ಕೊನೆ. ಸಂಕ್ರಾಂತಿಯ ಹೊತ್ತಿಗೆ ಅವಳು ಮುಂಬೈಗೆ ಹೋದಳು. ಅಲ್ಲಿ ಅವಳ ಧರ್ಮದವರಿದ್ದಾರೆ, ಬೇಕರಿಯಲ್ಲಿ ಕೆಲಸವೂ ಸಿಕ್ಕಿದೆ ಎಂದು ಸುಧೀಂದ್ರ ಹೇಳಿದ. ಅವನು ಇಲ್ಲೇ ಇದ್ದಾನೆ, ಅಮ್ಮನಿಗೆ ಹೂಂ ಎನ್ನುತ್ತಾ.

ಮೊನ್ನೆ ಪದ್ಮಾವತಮ್ಮ ಬಂದು ನನ್ನ ಜಗುಲಿಯ ಮೇಲೆ ಕುಳಿತರು. ಮಡಿಲಲ್ಲಿ ಹತ್ತಿ ಇಟ್ಟುಕೊಂಡು ಬತ್ತಿ ಹೊಸೆಯುತ್ತಿದ್ದರು.

"ಅವತ್ತು ಅವಳು ಹೇಳಿದ್ದು ನಂಗೆ ಅರ್ಥ ಆಗಿತ್ತು ಟೀಚರೇ" ಎಂದರು, ಮುಖವೆತ್ತದೆ. "ಆದ್ರೂ ನಿಮ್ಮನ್ನ ಕೇಳ್ದೆ. ನೀವು ಹೌದು, ಅದು ಅವಳದೇ ದೀಪ ಅಂದಿದ್ರೆ, ಆ ಬಟ್ಟಲು ತೆಗೆದು ಅವಳ ಕೈಗೇ ಕೊಡೋಣ ಅಂತಿದ್ದೆ. ಅಷ್ಟು ಜನರ ಮುಂದೆ ನಾನಾಗೇ ಹೇಗೆ ಸೋಲಲಿ? ನೀವು ಬತ್ತಿ ಅಂದ್ಬಿಟ್ರಿ. ನಾನೂ ಬತ್ತಿ ಅಂದ್ಕೊಂಡೆ."

ಅವರು ಹೊಸೆದ ಬತ್ತಿಗಳನ್ನು ಡಬ್ಬಿಗೆ ಹಾಕಿಕೊಂಡು ಎದ್ದು ಹೋದರು.

ಅಂದು ಶುಕ್ರವಾರ. ಹೊತ್ತು ಮುಳುಗುವಾಗ ಎದುರು ಮನೆಯ ಮಹಡಿ ಕಿಟಕಿ ಮುಚ್ಚಿತ್ತು. ಎಂದಿನಂತೆ ಕುರ್ಚಿ ಎಳೆದುಕೊಂಡು ಅದರ ಕಡೆಗೇ ನೋಡುತ್ತಾ ಕುಳಿತೆ. ಕತ್ತಲಾಗುವ ಮುಂಚೆ ಬಾಯಿ ತಾನಾಗಿ ಆಮೆನ್ ಎಂದಿತು. ಹೇಳಬೇಕಾಗಿದ್ದಾಗ ಹೌದು ಎನ್ನದ ಬಾಯಿ ಅದು.